ಲೋಥಲ್ ಓದಲು ಗುದ್ದಲಿಯೊಂದೇ ಸಾಲದು

ಅಹಮದಾಬಾದಿನಿಂದ ದಕ್ಷಿಣಕ್ಕೆ ಸುಮಾರು 80 ಕಿ.ಮೀ. ಹೋದರೆ ಲೋಥಲ್. 1954ರಲ್ಲಿ ಈ ಹರಪ್ಪ ಕಾಲದ ಊರನ್ನು ಪತ್ತೆಹಚ್ಚಿ, ಮುಂದೆ ಅಗೆಸಿದವರು ಹೆಸರಲ್ಲೇ ಶಿಕಾರಿಪುರವನ್ನು ಹೊತ್ತಿದ್ದ ಕನ್ನಡಿಗ ಎಸ್.ಆರ್. ರಾವ್.

ಅಲ್ಲಿ ಸಿಕ್ಕ, ಇನ್ನೂರು ಮೀಟರಿಗೂ ಉದ್ದದ ಇಟ್ಟಿಗೆಯ ಕೊಳವನ್ನು ರಾವ್ ಹಡಗುಕಟ್ಟೆ ಎಂದರು. ಅದು ಬರೀ ನೀರಿನ ಕೆರೆ ಎಂದು ವಿದ್ವಾಂಸ ಲೆಶ್ನಿಕ್ 1968ರಲ್ಲಿ ವಾದಿಸಿದರು. ಹಡಗು ಬರಲು ಬೇಕಾದ ಸಾಬರಮತಿ ನದಿ ಈಗ ಹರಿಯುವುದು ಎಷ್ಟೋ ದೂರದಲ್ಲಲ್ಲವೇ!

ಈ ಜಗಳಕ್ಕೆ ಬೇರೆ ಬೇರೆ ವಿದ್ಯೆಯವರು ಬಂದದ್ದೇ ಸೊಗಸು. ಕಡಲ ವಿಜ್ಞಾನಿಗಳಿಗೆ ಕಟ್ಟೆಯ ಹೂಳಿನಲ್ಲಿ ಸಮುದ್ರದ ಸೂಕ್ಷ್ಮಜೀವಿಗಳ ಚಿಪ್ಪು, ಉಪ್ಪು, ಜಿಪ್ಸಂ ಹರಳು ಕಂಡವು. 2024ರಲ್ಲಿ ಗಾಂಧಿನಗರದ ಐಐಟಿ ತಂಡ ಉಪಗ್ರಹ ಚಿತ್ರಗಳನ್ನೂ ಹಳೆಯ ನಕಾಶೆಗಳನ್ನೂ ಜೊತೆಗಿಟ್ಟು ನೋಡಿ, ಸಾಬರಮತಿ ಒಂದು ಕಾಲಕ್ಕೆ ಊರಿನ ಪಕ್ಕದಲ್ಲೇ ಹರಿಯುತ್ತಿತ್ತೆಂದು ತೋರಿಸಿತು. ಗ್ವಾಟೆಮಾಲದ ಕಾಡಿನಡಿಯ ಮಾಯಾ ಊರುಗಳನ್ನು ವಿಮಾನದ ಲೇಸರ್ ತೋರಿಸಿದ ಹಾಗೆ, ಇಲ್ಲಿಯೂ ನೆಲದ ಗುಟ್ಟು ಆಕಾಶದಿಂದಲೇ ಬಯಲಾಯಿತು.

ಕೆರೆಯ ವಾದಕ್ಕೆ ಇನ್ನೂ ಜೀವವಿದೆ. ಆದರೂ ತಕ್ಕಡಿ ಈಗ ರಾವ್ ಅವರ ಕಡೆಗೇ ವಾಲಿದೆ.