ಮಂಕು ಮುಖವನ್ನಷ್ಟೇ ಹುಡುಕುವ ಪಟ್ಟಿ

ಪಾಣೆಮಂಗಳೂರಲ್ಲಿ ನೇತ್ರಾವತಿ ನದಿಗಿಳಿದು, ಸಾಯಹೊರಟವರ ಜೀವ ಉಳಿಸುವ ಗೂಡಿನಬಳಿಯ ಈಜುಗಾರ ಹುಡುಗರನ್ನು ಊರು ಮೆಚ್ಚುತ್ತದೆ, ಮೆಚ್ಚಬೇಕಾದದ್ದೇ. ಆದರೆ ಅವರ ಸರದಿ ಬರುವುದು ಕೊನೆಗೆ. ಅದಕ್ಕೂ ಹಿಂದಿನ ವಾರಗಳಲ್ಲಿ ಮನೆಯವರು ಏನನ್ನು ಗಮನಿಸಬೇಕು ಎಂದು ಹೇಳುವ ಹೊಣೆಯನ್ನು ನಾವು ಒಂದು ಪಟ್ಟಿಗೆ ವಹಿಸಿಬಿಟ್ಟಿದ್ದೇವೆ. ಆಸ್ಪತ್ರೆಯ ಗೋಡೆಯಲ್ಲಿ, ಜಾಗೃತಿ ಶಿಬಿರದ ಕರಪತ್ರದಲ್ಲಿ ಕಾಣುವ 'ಆತ್ಮಹತ್ಯೆಯ ಮುನ್ಸೂಚನೆಗಳು' ಅದು. ಮಂಕಾಗಿ ಕೂರುವುದು, ಯಾರೊಡನೆಯೂ ಬೆರೆಯದಿರುವುದು, ಬದುಕಿ ಏನು ಪ್ರಯೋಜನ ಎನ್ನುವುದು. ಪಟ್ಟಿ ಸುಳ್ಳಲ್ಲ. ಆದರೆ ಖಿನ್ನತೆಯ ಅಳತೆಗೆ ಹೊಲಿದ ಆ ಅಂಗಿ, ಖಿನ್ನತೆಯೂ ಅತಿ ಉತ್ಸಾಹದ ಉನ್ಮಾದವೂ ಬಂದುಹೋಗುವ ಬೈಪೋಲಾರ್ ಕಾಯಿಲೆಯವರಿಗೆ ಸಾಲದು.

ಈ ಕಾಯಿಲೆಯಲ್ಲಿ ಆತ್ಮಹತ್ಯೆಯ ಅಪಾಯ ಉಳಿದವರಿಗಿಂತ 20ರಿಂದ 30 ಪಟ್ಟು ಹೆಚ್ಚೆಂಬುದು ತಜ್ಞರ ಅಂದಾಜು. ಖಿನ್ನತೆಯ ದಿನಗಳಷ್ಟೇ, ಕೆಲವೊಮ್ಮೆ ಅದಕ್ಕಿಂತಲೂ ಹೆಚ್ಚು, ಹೆದರಬೇಕಾದದ್ದು ಮಿಶ್ರ ಸ್ಥಿತಿಗೆ. ಒಳಗೆ ಹತಾಶೆ, ಮೈಯಲ್ಲಿ ಮಾತ್ರ ಎಲ್ಲಿಲ್ಲದ ಚುರುಕು. ನಿದ್ದೆಯಿಲ್ಲ, ಮಾತು ನಿಲ್ಲುವುದಿಲ್ಲ, ಸಣ್ಣದಕ್ಕೂ ಸಿಡುಕು, ಕೂತಲ್ಲಿ ಕೂರಲಾಗದ ಚಡಪಡಿಕೆ. ಇದನ್ನು ಕಂಡವರು 'ಮಂಡೆ ಸಮ ಇಲ್ಲ' ಎಂದೋ, ದೆವ್ವದ ಸೋಂಕು ತಗಲಿದೆ ಎಂದೋ ಮಾತು ಮುಗಿಸುತ್ತಾರೆ. ಇನ್ನೂ ಕೆಟ್ಟದ್ದೆಂದರೆ, ತಿಂಗಳುಗಟ್ಟಲೆ ಮಲಗಿದ್ದವನು ಎದ್ದು ಓಡಾಡಿದ ಎಂದು ಮನೆಯವರು ಹಿಗ್ಗುವುದು. ಖಿನ್ನತೆ ಇಳಿಯುವ ಹೊತ್ತು, ಆಸ್ಪತ್ರೆಯಿಂದ ಮನೆಗೆ ಬಂದ ಮೊದಲ ವಾರಗಳು – ಕಾವಲು ಸಡಿಲಿಸಬಾರದ ದಿನಗಳೇ ಇವು. ಕರಪತ್ರದಲ್ಲಿ ಇವುಗಳ ಸುಳಿವಿಲ್ಲ.

ಮಾತ್ರೆಯ ಬಗ್ಗೆಯೂ ಅದು ಮೌನ. ಲಿಥಿಯಂ ಈ ಕಾಯಿಲೆಯವರಲ್ಲಿ ಆತ್ಮಹತ್ಯೆಯನ್ನು ತಗ್ಗಿಸುವ ಔಷಧಿ. ಅದನ್ನು ತಟ್ಟನೆ ಬಿಟ್ಟರೆ ಅಪಾಯ ಏರುತ್ತದೆ. 'ಈಗ ಹುಷಾರಿದ್ದೇನಲ್ಲ' ಎಂದು ಮಾತ್ರೆ ಬಿಡುವುದೇ ಒಂದು ಮುನ್ಸೂಚನೆಯಾಗಬೇಕಿತ್ತು. ಮಾತ್ರೆ ನುಂಗುತ್ತಿರುವವರಿಗೂ, ಮೈಯಲ್ಲಿ ನೀರು ಕಡಿಮೆಯಾದರೆ ರಕ್ತದಲ್ಲಿ ಲಿಥಿಯಂ ಹೆಚ್ಚಾಗಿ ವಿಷವಾಗಬಲ್ಲದು. ಹಾಗಾಗಿ ರಂಜಾನ್ ಉಪವಾಸಕ್ಕೆ ಮುಂಚೆ ವೈದ್ಯರ ಸಲಹೆ ಬೇಕು. ರಾತ್ರಿಯಿಡೀ ಯಕ್ಷಗಾನ, ದೈವದ ನೇಮ ನೋಡುವ ಊರಲ್ಲಿ ನಿದ್ದೆಗೆಟ್ಟರೆ ಉನ್ಮಾದ ಕೆರಳಬಹುದೆಂದು ಹೇಳದ ಕರಪತ್ರ ಇಲ್ಲಿಗಾಗಿ ಬರೆದದ್ದಲ್ಲ.

ಎಲ್ಲಕ್ಕಿಂತ ಭಾರವಾದ ಸುಳಿವು ಹಿಂದಿನ ಆತ್ಮಹತ್ಯೆ ಪ್ರಯತ್ನ. ಅದನ್ನೇ ನಮ್ಮ ಮನೆಗಳು ವೈದ್ಯರಿಂದಲೂ ಮುಚ್ಚಿಡುತ್ತವೆ. ಮದುವೆ ಸಂಬಂಧದ ಚಿಂತೆ, ಪೊಲೀಸ್ ಕೇಸಿನ ಭಯ. ಆದರೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಸೆಕ್ಷನ್ ಪ್ರಕಾರ ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು. ಸರಕಾರ ಅವರಿಗೆ ಆರೈಕೆ ಕೊಡಬೇಕು. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ ಬೈಪೋಲಾರ್ ಇದ್ದವರಲ್ಲಿ ಸುಮಾರು ಶೇಕಡಾ 70 ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಅವರ ಮಟ್ಟಿಗೆ ಗೋಡೆಯ ಪಟ್ಟಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಯಾರು, ಯಾವಾಗ ಎಂದು ಯಾವ ಪಟ್ಟಿಯೂ ಖಚಿತವಾಗಿ ಹೇಳಲಾರದು. ಹಾಗಾಗಿ ನೋಡುವುದಕ್ಕಿಂತ ಕೇಳುವುದು ಮುಖ್ಯ: 'ಸಾಯಬೇಕು ಅಂತ ಅನಿಸ್ತದಾ?' ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆಂಬ ಹೆದರಿಕೆಗೆ ಆಧಾರವಿಲ್ಲ. ಹೌದು ಎಂದರೆ ಒಬ್ಬರನ್ನೇ ಬಿಡಬೇಡಿ, ಮಾತ್ರೆಯ ಡಬ್ಬಿ ಮನೆಯವರೊಬ್ಬರ ಕೈಯಲ್ಲಿರಲಿ, ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. 14416ಕ್ಕೆ ಕರೆ ಮಾಡಿದರೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನವರು ಹಗಲು ರಾತ್ರಿಯೆನ್ನದೆ ಕನ್ನಡದಲ್ಲೇ ಮಾತಾಡುತ್ತಾರೆ, ಕರೆಗೆ ದುಡ್ಡಿಲ್ಲ.