ಪೆನ್‌ಡ್ರೈವ್ ಲಿನಕ್ಸ್: ಪರೀಕ್ಷೆಗೆ ಸರಿ, ಸಂಸಾರಕ್ಕಲ್ಲ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇರಬೇಕು, ಇಂಟೆಲ್ ಪ್ರೊಸೆಸರ್ ಆದರೆ ಎಂಟನೇ ತಲೆಮಾರಿನದ್ದೋ ಅದರ ನಂತರದ್ದೋ ಆಗಿರಬೇಕು. ಹೀಗಾಗಿ 2017ಕ್ಕೆ ಮೊದಲು ಕೊಂಡ ಲ್ಯಾಪ್‌ಟಾಪ್‌ಗಳಲ್ಲಿ ಬಹುಪಾಲು ಆ ದಾರಿಯಿಂದ ಹೊರಗುಳಿದವು. ಶಿವಮೊಗ್ಗದಲ್ಲಿ ಇಂಥವಕ್ಕೆ ಬರವಿಲ್ಲ. ಇಂಜಿನಿಯರಿಂಗ್ ಓದುವಾಗ ಕೊಡಿಸಿದ್ದನ್ನು ಮನೆಯಲ್ಲೇ ಬಿಟ್ಟು ಮಕ್ಕಳು ಬೆಂಗಳೂರು ಸೇರಿದ್ದಾರೆ. ಕಾರ್ಖಾನೆಗಳ ಊರಾದ ಭದ್ರಾವತಿಯ ಪೇಪರ್ ಟೌನ್, ನ್ಯೂಟೌನ್ ಮನೆಗಳ ಬೀರುಗಳಲ್ಲೂ ಅದೇ ಕಥೆ. ಕಾರ್ಖಾನೆಯ ಯಂತ್ರಗಳನ್ನು ಬಿಚ್ಚಿ ಜೋಡಿಸಿ ನಡೆಸಿದವರ ಊರಿನಲ್ಲಿ, ಓಡುವ ಯಂತ್ರವೊಂದನ್ನು ಗುಜರಿಗೆ ಹಾಕಲು ಮನಸ್ಸು ಬರುವುದಿಲ್ಲ.

ಆಗ ಯಾರಾದರೂ ಹೇಳುತ್ತಾರೆ: “ಪೆನ್‌ಡ್ರೈವಿಗೆ ಲಿನಕ್ಸ್ ಹಾಕಿ ಬೂಟ್ ಮಾಡಿ. ಖರ್ಚಿಲ್ಲ, ಹಾರ್ಡ್‌ಡಿಸ್ಕ್ ಮುಟ್ಟುವುದಿಲ್ಲ, ಇಷ್ಟವಾಗದಿದ್ದರೆ ಕಿತ್ತುಬಿಡಿ.” ಸಲಹೆ ಒಳ್ಳೆಯದೇ. ಆದರೆ ಯಾವ ಕೆಲಸಕ್ಕೆ ಒಳ್ಳೆಯದು ಎಂಬುದನ್ನು ಹೇಳುವವರು ಕಡಿಮೆ.

ಈ ಉಪಾಯ ಹೊಸದಲ್ಲ. 2000ದಲ್ಲಿ ಜರ್ಮನಿಯ ಕ್ಲಾಸ್ ನಾಪರ್ ಅವರ ‘ನಾಪಿಕ್ಸ್’ ಲಿನಕ್ಸ್ ಸಿ.ಡಿ.ಯಿಂದಲೇ ಓಡುತ್ತಿತ್ತು. ಉಬುಂಟು ಬಳಗ 2011ರವರೆಗೆ ಕೇಳಿದವರ ಮನೆಗೆ ಅಂಚೆಯಲ್ಲಿ ಸಿ.ಡಿ. ಕಳಿಸಿತು, ಅದೂ ಬಿಟ್ಟಿಯಾಗಿ. ಸಿ.ಡಿ.ಯ ಜಾಗಕ್ಕೆ ಪೆನ್‌ಡ್ರೈವ್ ಬಂದರೂ ತತ್ವ ಅದೇ ಉಳಿದಿದೆ: ಇಡೀ ವ್ಯವಸ್ಥೆ ಅದುಮಿಟ್ಟ, ಓದಲು ಮಾತ್ರ ಬರುವ ಒಂದು ಕಡತದಲ್ಲಿರುತ್ತದೆ. ನಾವು ಮಾಡುವ ಬದಲಾವಣೆಗಳು ರ್‍ಯಾಮ್‌ನಲ್ಲಿ ಕೂರುತ್ತವೆ, ಮಷಿನ್ ಆರಿಸಿದೊಡನೆ ಅಳಿಸಿಹೋಗುತ್ತವೆ. ‘ಲೈವ್’ ವ್ಯವಸ್ಥೆ ಎನ್ನುವುದು ಇದನ್ನೇ.

ಈ ಮರೆವೇ ಅದರ ದೊಡ್ಡ ಗುಣ. ಲಿನಕ್ಸ್ ಮಿಂಟನ್ನು ಪೆನ್‌ಡ್ರೈವಿಗೆ ಬರೆದು ಒಮ್ಮೆ ಬೂಟ್ ಮಾಡಿದರೆ ಹಳೆಯ ಲ್ಯಾಪ್‌ಟಾಪಿನ ನಿಜಸ್ಥಿತಿ ಅರ್ಧ ಗಂಟೆಯಲ್ಲಿ ತಿಳಿಯುತ್ತದೆ. ಪರದೆ ಮಂಕಾಗಿದೆಯೋ, ಸ್ಪೀಕರ್ ಸತ್ತಿದೆಯೋ, ಮುಚ್ಚಿ ತೆರೆದರೆ ಏಳುತ್ತದೆಯೋ, ವೈಫೈ ಸಿಗುತ್ತದೆಯೋ ಎಲ್ಲ ಕಾಣುತ್ತದೆ. ವೈಫೈ ಬಗ್ಗೆ ಒಂದು ಮಾತು: ಹಳೆಯ ಬ್ರಾಡ್‌ಕಾಮ್ ಚಿಪ್ ಇದ್ದರೆ ಲೈವ್ ವ್ಯವಸ್ಥೆಯಲ್ಲಿ ಅದು ಮೊದಲಿಗೇ ಎದ್ದು ನಿಲ್ಲದಿರಬಹುದು. ಮೊಬೈಲನ್ನು ಕೇಬಲ್‌ನಲ್ಲಿ ಜೋಡಿಸಿ ಟೆಥರಿಂಗ್ ಮಾಡಿಕೊಂಡು ಡ್ರೈವರ್ ಹಾಕಬೇಕು. ಇಷ್ಟಕ್ಕೇ “ಲಿನಕ್ಸ್ ಸರಿಯಿಲ್ಲ” ಎಂದು ಕೈಬಿಟ್ಟವರು ಬಹಳ.

ಅದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿದೆ. ವಿಂಡೋಸ್ ಏಳದ ಲ್ಯಾಪ್‌ಟಾಪನ್ನು ಅಂಗಡಿಗೆ ಒಯ್ದರೆ ಮೊದಲು ಬರುವ ಮಾತು “ಫಾರ್ಮ್ಯಾಟ್ ಹೊಡೀಬೇಕು”. ಮದುವೆಯ ಫೋಟೊ, ಪಹಣಿಯ ಸ್ಕ್ಯಾನ್, ಮಗಳ ಪ್ರಾಜೆಕ್ಟ್ ಎಲ್ಲ ಅಲ್ಲೇ ಹೋಗುತ್ತವೆ. ಡಿಸ್ಕ್ ಪೂರ್ತಿ ಸತ್ತಿರದಿದ್ದರೆ, ಬಿಟ್‌ಲಾಕರ್ ಬೀಗ ಇಲ್ಲದಿದ್ದರೆ, ಲೈವ್ ಲಿನಕ್ಸ್‌ನಲ್ಲಿ ಆ ಕಡತಗಳನ್ನು ತೆರೆದು ಹೊರಗಿನ ಡಿಸ್ಕಿಗೆ ಎಳೆದುಕೊಳ್ಳಬಹುದು. ನನ್ನ ಲೆಕ್ಕದಲ್ಲಿ ಪೆನ್‌ಡ್ರೈವ್ ಲಿನಕ್ಸಿನ ಬೆಲೆ ಇದೊಂದರಲ್ಲೇ ಬಂದುಬಿಡುತ್ತದೆ.

ತಪ್ಪಾಗುವುದು ಅದನ್ನೇ ದಿನನಿತ್ಯದ ಮನೆಯಾಗಿ ಮಾಡಿಕೊಂಡಾಗ. ಹಳೆಯ ಲ್ಯಾಪ್‌ಟಾಪಿನ ಯುಎಸ್‌ಬಿ 2.0 ಕಿಂಡಿಯ ವೇಗ ಕಾಗದದ ಮೇಲೆ ಸೆಕೆಂಡಿಗೆ 60 ಎಂಬಿ, ಕೈಗೆ ಸಿಗುವುದು ಅದರ ಅರ್ಧದ ಆಸುಪಾಸು. ಅಗ್ಗದ ಪೆನ್‌ಡ್ರೈವ್ ಚಿಕ್ಕ ಚಿಕ್ಕ ತುಣುಕುಗಳನ್ನು ಬರೆಯುವಾಗ ಇನ್ನೂ ತೆವಳುತ್ತದೆ. ಬ್ರೌಸರ್ ತೆರೆಯಲು ನಿಮಿಷ ಹಿಡಿದರೆ ಬೈಗುಳ ತಿನ್ನುವುದು ಲಿನಕ್ಸ್. 2 ಜಿಬಿ ರ್‍ಯಾಮ್‌ನ ಮಷಿನ್ ಆದರೆ ಕೇಳುವುದೇ ಬೇಡ. ಬದಲಾವಣೆಗಳೂ ರ್‍ಯಾಮ್ ತಿನ್ನುತ್ತವೆ, ಯೂಟ್ಯೂಬೂ ರ್‍ಯಾಮ್ ತಿನ್ನುತ್ತದೆ. ಅಂಥದಕ್ಕೆ ಪಪ್ಪಿ ಅಥವಾ ಆಂಟಿಎಕ್ಸ್ ಎಂಬ ಹಗುರ ಲಿನಕ್ಸ್ ವಾಸಿ. 32 ಬಿಟ್‌ನ ತೀರ ಹಳೆಯವಕ್ಕಂತೂ ಅವೇ ಗತಿ. ಮಿಂಟ್‌ನ ಮುಖ್ಯ ಆವೃತ್ತಿಯಲ್ಲಿ 32 ಬಿಟ್ ಕೊನೆಯಾದದ್ದು 19.3ಕ್ಕೆ.

“ಪರ್ಸಿಸ್ಟೆನ್ಸ್ ಇಟ್ಟುಕೊಂಡರಾಯಿತಲ್ಲ” ಎನ್ನುತ್ತಾರೆ ಬಲ್ಲವರು. ಪೆನ್‌ಡ್ರೈವಿನಲ್ಲೇ ಬರೆಯಬಹುದಾದ ಭಾಗವೊಂದನ್ನು ಮಾಡಿಕೊಂಡರೆ ವೈಫೈ ಪಾಸ್‌ವರ್ಡ್, ಕಡತ, ಸೆಟ್ಟಿಂಗ್ ಉಳಿಯುತ್ತವೆ. ಮಲೆನಾಡಿನ ಸೆರಗಿನಲ್ಲಿರುವ ನಮಗೆ ಇದರಲ್ಲೊಂದು ತೊಡಕಿದೆ. ಹಳೆಯ ಲ್ಯಾಪ್‌ಟಾಪಿನ ಬ್ಯಾಟರಿ ಸಾಮಾನ್ಯವಾಗಿ ಸತ್ತಿರುತ್ತದೆ, ಚಾರ್ಜರ್ ಮೇಲೆಯೇ ಅದರ ಜೀವ. ಆಷಾಢದ ಮಳೆಯಲ್ಲಿ ಕರೆಂಟು ಯಾವಾಗ ಹೋಗುತ್ತದೆಂದು ಹೇಳುವವರಿಲ್ಲ. ಬರೆಯುತ್ತಿರುವ ಗಳಿಗೆಯಲ್ಲಿ ಕರೆಂಟು ಹೋದರೆ ಆ ಭಾಗ ಕೆಡುವ ಸಂಭವವಿದೆ. ಬರೀ ಲೈವ್ ಆದರೆ ಕೆಲಸ ಹೋದೀತು, ವ್ಯವಸ್ಥೆ ಹೋಗದು. ಅಂದರೆ ಪೆನ್‌ಡ್ರೈವಿಗೆ ನೆನಪು ಕೊಡಹೋದರೆ ಅದರ ಗಟ್ಟಿತನವೇ ಕೈಬಿಡುತ್ತದೆ.

ಹಾರ್ಡ್‌ಡಿಸ್ಕ್ ಮುಟ್ಟುವುದಿಲ್ಲ ಎಂಬ ಭರವಸೆಯೂ ಪೂರ್ತಿ ನಿಜವಲ್ಲ. ಲೈವ್ ಪರದೆಯ ಮೇಲೇ ಇನ್‌ಸ್ಟಾಲ್ ಗುಂಡಿ ಕೂತಿರುತ್ತದೆ. ಅದರೊಳಗೆ ‘ಇಡೀ ಡಿಸ್ಕ್ ಅಳಿಸು’ ಎಂಬುದಕ್ಕೆ ಕೈ ತಾಗಿದರೆ ಫೋಟೊಗಳ ಕಥೆ ಮುಗಿಯಿತು. ಅಂದಹಾಗೆ, ಲಿನಕ್ಸ್‌ನಿಂದ ವಿಂಡೋಸಿಗೆ ಮರಳಿದಾಗ ಗಡಿಯಾರ ಐದೂವರೆ ಗಂಟೆ ಹಿಂದಿದ್ದರೆ ಗಾಬರಿ ಬೇಡ. ಲಿನಕ್ಸ್ ಮಷಿನ್‌ನ ಗಡಿಯಾರವನ್ನು ಗ್ರೀನಿಚ್ ವೇಳೆಯಲ್ಲಿ ಇಡುತ್ತದೆ, ಅಷ್ಟೆ.

ಕನ್ನಡದ ವಿಷಯದಲ್ಲಿ ದೂರು ಕಡಿಮೆ. ಕೆ.ಪಿ. ರಾವ್ ರೂಪಿಸಿದ ವಿನ್ಯಾಸವನ್ನು ಅನುಸರಿಸುವ ಕಗಪ, ಕೀಬೋರ್ಡ್ ಪಟ್ಟಿಯಲ್ಲೇ ಇದೆ. ನುಡಿ ತಂತ್ರಾಂಶದಲ್ಲಿ ಬೆರಳು ಪಳಗಿದವರು ಹೆಚ್ಚು ಹೊಸದು ಕಲಿಯಬೇಕಿಲ್ಲ. ಆದರೆ ಕಚೇರಿಗಳಲ್ಲಿ ಹಳೆಯ ನುಡಿ ಫಾಂಟಿನಲ್ಲಿ ಕುಟ್ಟಿದ, ಯುನಿಕೋಡ್ ಅಲ್ಲದ ಕಡತಗಳು ಆ ಫಾಂಟ್ ಹಾಕುವವರೆಗೂ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿಯೇ ಕಾಣುತ್ತವೆ. ಲಗ್ನಪತ್ರಿಕೆ ಅಚ್ಚಿಸುವವರಿಗೆ ಕೋರೆಲ್‌ಡ್ರಾ ಬೇಕು, ಲೆಕ್ಕಪತ್ರದವರಿಗೆ ಟ್ಯಾಲಿ ಬೇಕು, ಎರಡಕ್ಕೂ ಈಗ ಲಿನಕ್ಸ್ ಆವೃತ್ತಿಯಿಲ್ಲ. ಜೆರಾಕ್ಸ್ ಅಂಗಡಿಗಳ ಅಚ್ಚುಮೆಚ್ಚಿನ ಕ್ಯಾನನ್ ಎಲ್‌ಬಿಪಿ 2900 ಪ್ರಿಂಟರ್ ಲಿನಕ್ಸಿನೊಂದಿಗೆ ಸುಲಭಕ್ಕೆ ಮಾತಾಡುವುದಿಲ್ಲ. ಇವರಿಗೆಲ್ಲ ಲಿನಕ್ಸ್ ಶಿಫಾರಸು ಮಾಡುವುದು ಅಭಿಮಾನವೇ ಹೊರತು ವಿವೇಕವಲ್ಲ.

ಓದು, ಬರಹ, ಬ್ರೌಸರ್, ಪಾಠದ ವಿಡಿಯೊ ಇಷ್ಟೇ ಸಾಕು ಎನ್ನುವ ಮನೆಗೆ ನನ್ನ ತೀರ್ಪು ಇದು: ಪೆನ್‌ಡ್ರೈವಿನಲ್ಲಿ ಪರೀಕ್ಷೆ ಮಾಡಿ, ಒಗ್ಗಿದರೆ ಹಳೆಯ ಹಾರ್ಡ್‌ಡಿಸ್ಕ್ ತೆಗೆಸಿ ಎಸ್‌ಎಸ್‌ಡಿ ಹಾಕಿಸಿ, ಲಿನಕ್ಸನ್ನು ಅದರೊಳಗೇ ಇಳಿಸಿ. ಹಳೆಯ ಲ್ಯಾಪ್‌ಟಾಪ್ ನಿಧಾನವಾಗಿರುವುದು ಬಹಳ ಸಲ ತಿರುಗುವ ಡಿಸ್ಕಿನಿಂದ, ಪ್ರೊಸೆಸರಿನಿಂದಲ್ಲ. ರಿಪೇರಿ ಅಂಗಡಿಯವರಲ್ಲಿ ಒಂದೇ ಕೋರಿಕೆ: ಫಾರ್ಮ್ಯಾಟ್ ಗುಂಡಿ ಒತ್ತುವ ಮೊದಲು ಲೈವ್ ಪೆನ್‌ಡ್ರೈವ್ ಸಿಕ್ಕಿಸಿ ಗಿರಾಕಿಯ ಕಡತಗಳನ್ನು ಎತ್ತಿಡಿ, ಅದಕ್ಕೆ ಬೇರೆ ದುಡ್ಡು ಕೇಳಿದರೂ ಯಾರೂ ಬೇಡವೆನ್ನರು.