ಯುದ್ಧಾನಂತರದ ವೈರಶಮನಕ್ಕೆ ಆಶ್ರಮವಾಸಿಕಪರ್ವದ ಒರೆಗಲ್ಲು

ಭಾರತವಿಮರ್ಶೆಯಲ್ಲಿ ಯುದ್ಧಪರ್ವಗಳಿಂದೀಚಿನ ಭಾಗವನ್ನು ಕಥೆಯ ಬಾಲವೆಂದೆಣಿಸಿ ಬಿಟ್ಟುಬಿಡುವ ವಾಡಿಕೆ ನಮ್ಮಲ್ಲಿ ಬೇರೂರಿದೆ. ಕುಮಾರವ್ಯಾಸನು ಹತ್ತು ಪರ್ವಗಳಿಗೆ ಕಥೆಯನ್ನು ನಿಲ್ಲಿಸಿದುದೂ, ಶೇಷವನ್ನು ತಿಮ್ಮಣ್ಣಕವಿಯು ಪೂರೈಸಿದುದೂ ಇದಕ್ಕೊಂದು ಕಾರಣವಾಗಿರಬಹುದು. ಆದರೆ ಗೆದ್ದವರೂ ಸೋತವರೂ ಒಂದೇ ಸೂರಿನಡಿಯಲ್ಲಿ ಬಾಳಬೇಕಾದಾಗ ವೈರವು ಶಮನವಾಯಿತೆ ಎಂಬುದನ್ನು ಯಾವುದರಿಂದ ಅಳೆಯಬೇಕೆಂಬ ಪ್ರಶ್ನೆಗೆ ವ್ಯಾಸರು ಉತ್ತರವಿತ್ತಿರುವುದು ಆಶ್ರಮವಾಸಿಕಪರ್ವದಲ್ಲಿ.

ಸ್ಥೂಲದೃಷ್ಟಿಗೆ ಅಲ್ಲಿ ಎಲ್ಲವೂ ಸರಿಯಾಗಿಯೇ ಇದೆ. ಧರ್ಮರಾಯನು ೧೫ ವರ್ಷಕಾಲ ಧೃತರಾಷ್ಟ್ರನ ಅನುಮತಿಯನ್ನು ಪಡೆದೇ ರಾಜ್ಯವಾಳುತ್ತಾನೆ. ವೃದ್ಧರಾಜನ ಮಾತನ್ನು ಮೀರಿದವನು ತನಗೆ ಶತ್ರುವೆಂದು ಸಾರುತ್ತಾನೆ. ಕುಂತಿಯು ಗಾಂಧಾರಿಯನ್ನು ಅತ್ತೆಯಂತೆ ಉಪಚರಿಸುತ್ತಾಳೆ. ಘೋಷಣೆಗಳನ್ನು ಮಾತ್ರ ನೋಡುವ ಪರೀಕ್ಷಕನು ಇಲ್ಲಿಗೇ ಲೇಖನಿಯನ್ನು ಕೆಳಗಿಡುವನು. ಕವಿಯಾದರೋ ಒಳಮನೆಯ ಬಾಗಿಲನ್ನು ತೆರೆಯುತ್ತಾನೆ. ಭೀಮನು ಆ ವೃದ್ಧದಂಪತಿಗಳಿಗೆ ಕೇಳಿಸುವಂತೆ ತೋಳುತಟ್ಟಿ, ಅವರ ಮಕ್ಕಳನ್ನು ಕೊಂದ ತೋಳುಗಳಿವೆಂದು ಗೆಳೆಯರ ನಡುವೆ ಹೇಳಿಕೊಳ್ಳುತ್ತಾನೆ. ಧರ್ಮರಾಯನಿಗೆ ಇದು ತಿಳಿಯದು. ತಿಳಿಯದಿದ್ದುದರಿಂದ ದೋಷವು ಲಘುವಾಯಿತೆಂದು ಭಾವಿಸತಕ್ಕದ್ದಲ್ಲ. ಸೋತವನ ಕಿವಿಗೆ ಬೀಳುವ ಮಾತು ಆಳುವವನ ಕಿವಿಗೆ ಮುಟ್ಟದಿರುವುದೇ ಕವಿಯು ಗುರುತಿಸಿದ ರೋಗವೆಂದು ತೋರುತ್ತದೆ.

ಕಾಡಿಗೆ ಹೊರಡುವ ಮುನ್ನ ಧೃತರಾಷ್ಟ್ರನು ಭೀಷ್ಮದ್ರೋಣಾದಿಗಳಿಗೂ ತನ್ನ ಮಕ್ಕಳಿಗೂ ಶ್ರಾದ್ಧಮಾಡಲು ಧನವನ್ನು ಬೇಡುತ್ತಾನೆ. ಭೀಮನು ಒಪ್ಪುವುದಿಲ್ಲ, ಅರ್ಜುನನೂ ಧರ್ಮರಾಯನೂ ಕೊಡಲೊಪ್ಪುತ್ತಾರೆ. ಪರ್ವದ ಮರ್ಮವಿರುವುದು ಇಲ್ಲಿ. ದುರ್ಯೋಧನನು ಅಪರಾಧಿಯೆ ಎಂಬ ಪ್ರಶ್ನೆಯನ್ನು ಅವನ ತಂದೆ ಬಹಿರಂಗವಾಗಿ ಶೋಕಿಸಬಹುದೆ ಎಂಬ ಪ್ರಶ್ನೆಯೊಡನೆ ಬೆರೆಸಕೂಡದೆಂಬುದು ಕವಿಯ ನಿರ್ಣಯ. ಹಾಗೆಯೇ, ಕುಲನಾಶಕ್ಕೆ ತನ್ನ ದೋಷವೇ ಕಾರಣವೆಂದು ಧೃತರಾಷ್ಟ್ರನು ಮೊದಲೇ ಒಪ್ಪಿಕೊಂಡು ಪ್ರಜೆಗಳ ಕ್ಷಮೆಯನ್ನು ಯಾಚಿಸಿದನೆಂಬುದನ್ನೂ ಮರೆಯಲಾಗದು.

ಈ ಒರೆಗಲ್ಲು ನಮ್ಮ ಕಾಲಕ್ಕೆ ಸಲ್ಲುವುದೆ ಎಂದು ಶಂಕಿಸುವವರು ನೆರೆಯ ಶ್ರೀಲಂಕೆಯನ್ನು ನೋಡಬಹುದು. ೧೯೮೩ರಲ್ಲಿ ಮೊದಲಾದ ಅಂತರ್ಯುದ್ಧವು ೨೦೦೯ರ ಮೇ ತಿಂಗಳಲ್ಲಿ ಮುಳ್ಳಿವಾಯ್ಕಾಲಿನ ಪ್ರದೇಶದಲ್ಲಿ ಮುಗಿಯಿತು. ೨೦೧೦ರಲ್ಲಿ ಸರ್ಕಾರವು ಸಾಮರಸ್ಯಕ್ಕಾಗಿ ಆಯೋಗವೊಂದನ್ನು ನೇಮಿಸಿತು. ರಾಷ್ಟ್ರೀಯ ದಿನದಂದು ಯುದ್ಧದಲ್ಲಿ ನೊಂದವರೆಲ್ಲರಿಗೂ ಸಹಾನುಭೂತಿ ತೋರುವ ಪ್ರತ್ಯೇಕ ಕಾರ್ಯಕ್ರಮವಿರಲೆಂದೂ, ರಾಷ್ಟ್ರಗೀತೆಯನ್ನು ಸಿಂಹಳ ತಮಿಳುಗಳೆರಡರಲ್ಲಿಯೂ ಹಾಡಲೆಂದೂ ೨೦೧೧ರ ಅದರ ವರದಿಯು ಸೂಚಿಸಿತು. ೨೦೧೬ರ ಸ್ವಾತಂತ್ರ್ಯೋತ್ಸವದಲ್ಲಿ ತಮಿಳುಗೀತೆ ಕೇಳಿಸಿತು. ೨೦೨೦ರಲ್ಲಿ ಅದನ್ನು ಕೈಬಿಡಲಾಯಿತು. ಜಾಫ್ನಾ ವಿಶ್ವವಿದ್ಯಾನಿಲಯದ ಆವರಣದಲ್ಲಿದ್ದ ಮುಳ್ಳಿವಾಯ್ಕಾಲ್ ಸ್ಮಾರಕವನ್ನು ೨೦೨೧ರ ಜನವರಿಯ ಒಂದು ರಾತ್ರಿ ಕೆಡವಿ, ವಿದ್ಯಾರ್ಥಿಗಳ ಪ್ರತಿಭಟನೆಯ ಬಳಿಕ ಅದೇ ವರ್ಷ ಮತ್ತೆ ಕಟ್ಟಲಾಯಿತು. ವರದಿಯ ವಾಕ್ಯಗಳನ್ನು ಓದಿದವನಿಗೆ ಸಾಮರಸ್ಯವು ಸಮೀಪಿಸಿದಂತೆ ತೋರೀತು. ಶ್ರಾದ್ಧಕ್ಕೆ ಅನುಮತಿ ದೊರೆಯಿತೆ ಎಂದು ಕೇಳಿದವನಿಗೆ ಅದು ಇನ್ನೂ ದೂರ. ಇತ್ತ, ೧೯೯೦ರಲ್ಲಿ ತಮಿಳು ಹುಲಿಗಳು ಉತ್ತರದ ಮುಸಲ್ಮಾನರನ್ನು ಊರುಬಿಡಿಸಿ ಅಟ್ಟಿದುದನ್ನು ಮರೆಮಾಚಿ ಶೋಕಿಸುವುದಾದರೆ, ಅದು ಧೃತರಾಷ್ಟ್ರನ ತಪ್ಪೊಪ್ಪಿಗೆಯಿಲ್ಲದ ಶ್ರಾದ್ಧವಾದೀತು.

ವ್ಯಾಸರು ಅಸಾಧ್ಯವಾದುದನ್ನು ವಿಧಿಸಿದವರಲ್ಲ. ಗಂಗೆಯಿಂದೆದ್ದ ಮೃತವೀರರು ವೈರವಿಲ್ಲದೆ ಬೆರೆಯುವುದು ಒಂದಿರುಳು ಮಾತ್ರ. ಬದುಕಿರುವವರಿಗೆ ಅವರು ತೋರಿದ ಮಾದರಿ ಬೇರೆ: ಗೆದ್ದವರ ತಾಯಿಯಾದ ಕುಂತಿಯು ಅರಮನೆಯನ್ನು ತೊರೆದು, ಕಣ್ಣುಕಟ್ಟಿಕೊಂಡ ಗಾಂಧಾರಿಯ ಕೈಯನ್ನು ತನ್ನ ಹೆಗಲ ಮೇಲಿರಿಸಿಕೊಂಡು ಕಾಡಿಗೆ ನಡೆಯುತ್ತಾಳೆ. ಕುರುಕ್ಷೇತ್ರದ ಹದಿನೆಂಟು ದಿನಗಳನ್ನು ಪಾಠಹೇಳುವ ಅಧ್ಯಾಪಕರು ಈ ಹದಿನೈದು ವರ್ಷಗಳನ್ನೂ ಪಾಠಹೇಳುವುದು ಉಚಿತ.